ಗೊಮ್ಮಟ ನಿಂತ ನಿಲುವಿನ ಹೆಸರು

ಹಾಸನ, ಹೊಳೆನರಸೀಪುರ, ಅರಕಲಗೂಡು ಕಡೆಯ ಜನ ಚನ್ನರಾಯಪಟ್ಟಣಕ್ಕೆ ಬಂದು ಅಲ್ಲಿಂದ ಶ್ರವಣಬೆಳಗೊಳದ ಬಸ್ಸು ಹಿಡಿಯುವುದುಂಟು. ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ದೊಡ್ಡಬೆಟ್ಟದ ಮೇಲೆ ನಿಂತವರ ಮೊದಲ ಪ್ರಶ್ನೆ ವಿಗ್ರಹದ ಎತ್ತರ ಎಷ್ಟು ಎಂಬುದು. ಸುಮಾರು 58 ಅಡಿ. ಎರಡನೆಯದು, ಮಾಡಿಸಿದವರು ಯಾರು ಎಂಬುದು. ಗಂಗರ ಮಂತ್ರಿ ಚಾವುಂಡರಾಯ, ಕ್ರಿ.ಶ. 981ರ ಸುಮಾರಿಗೆ. ಗೊಮ್ಮಟ ಹಾಗೇಕೆ ನಿಂತಿದ್ದಾನೆ ಎಂದು ಕೇಳುವವರು ಕಡಿಮೆ.

ಆ ನಿಲುವಿಗೆ ಜೈನರಲ್ಲಿ ಕಾಯೋತ್ಸರ್ಗ ಎಂದು ಹೆಸರು. ಕಾಯ ಎಂದರೆ ದೇಹ; ಉತ್ಸರ್ಗ ಎಂದರೆ ಬಿಡುವುದು. ದೇಹ ಇದ್ದಲ್ಲಿಯೇ ಇರುತ್ತದೆ, ಅದರ ಮೇಲಿನ ಗಮನವನ್ನು ಬಿಡಬೇಕು. ನೊಣ ಕುಳಿತರೂ ಕೈ ಮೇಲೇಳಬಾರದು. ಗೊಮ್ಮಟನ ತೊಡೆ, ತೋಳುಗಳಿಗೆ ಬಳ್ಳಿ ಹಬ್ಬಿರುವುದೂ ಪಕ್ಕದ ಹುತ್ತದಿಂದ ಹಾವುಗಳು ತಲೆ ಹಾಕಿರುವುದೂ ಬರೀ ಅಲಂಕಾರಕ್ಕಲ್ಲ. ಎಷ್ಟು ಕಾಲದಿಂದ ಕದಲದೆ ನಿಂತಿದ್ದಾನೆ ಎಂಬುದಕ್ಕೆ ಶಿಲ್ಪಿ ಇಟ್ಟ ಲೆಕ್ಕ ಅದು.

ಕಥೆ ಎಲ್ಲರಿಗೂ ಗೊತ್ತಿರುವುದೇ. ಅಣ್ಣ ಭರತನನ್ನು ಯುದ್ಧದಲ್ಲಿ ಗೆದ್ದ ಬಾಹುಬಲಿಗೆ ಗೆದ್ದ ಗಳಿಗೆಯಲ್ಲೇ ರಾಜ್ಯ ಬೇಡವಾಯಿತು. ಕಾಡಿಗೆ ಹೋಗಿ ಒಂದು ವರ್ಷ ಅನ್ನ ನೀರಿಲ್ಲದೆ ನಿಂತ. ಆದರೂ ಕೇವಲಜ್ಞಾನ ಬರಲಿಲ್ಲ. ರಾಜ್ಯ, ಸಂಸಾರ, ಬಟ್ಟೆ, ಊಟ ಎಲ್ಲವನ್ನೂ ಬಿಟ್ಟವನ ಮನಸ್ಸಿನಲ್ಲಿ ಒಂದೇ ಒಂದು ಯೋಚನೆ ಉಳಿದಿತ್ತು. ಅದು ಯಾವುದು ಎಂಬಲ್ಲಿ ಪರಂಪರೆಗಳು ಬೇರೆಯಾಗುತ್ತವೆ. ತನ್ನಿಂದ ಅಣ್ಣನಿಗೆ ನೋವಾಯಿತಲ್ಲ ಎಂಬ ಕೊರಗು ಎನ್ನುತ್ತದೆ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣ. ತಾನು ನಿಂತ ನೆಲ ಭರತನದ್ದು ಎಂಬ ಚುಚ್ಚು ಎನ್ನುತ್ತಾರೆ ನಮ್ಮ ಜನ. ಮೊದಲೇ ಸನ್ಯಾಸಿಗಳಾದ ತಮ್ಮಂದಿರಿಗೆ ನಮಸ್ಕರಿಸಬೇಕಾದೀತೆಂಬ ಅಹಂಕಾರ ಎನ್ನುವುದು ಶ್ವೇತಾಂಬರರ ಕಥೆ. ಕಾರಣ ಯಾವುದೇ ಇರಲಿ, ಇಂಥ ಯೋಚನೆಗೆ ಜೈನ ಶಾಸ್ತ್ರದಲ್ಲಿ ಶಲ್ಯ, ಅಂದರೆ ಮುಳ್ಳು ಎಂಬ ಮಾತಿದೆ. ಮುಳ್ಳು ಇಟ್ಟುಕೊಂಡವನು ವ್ರತಿಯೇ ಅಲ್ಲ ಎಂಬ ಅಭಿಪ್ರಾಯ ತತ್ತ್ವಾರ್ಥಸೂತ್ರದಲ್ಲಿದೆ.

ಕಾಯೋತ್ಸರ್ಗ ಬಾಹುಬಲಿಗೆ ಮಾತ್ರ ಸೇರಿದ್ದೇನಲ್ಲ. ಸಾಮಾಯಿಕ, ಸ್ತುತಿ, ವಂದನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನ, ಕಾಯೋತ್ಸರ್ಗ ಈ ಆರು ಮುನಿಗಳ ಪ್ರತಿದಿನದ ಕರ್ತವ್ಯಗಳು. ಪ್ರತಿಕ್ರಮಣ ಎಂದರೆ ಆದ ತಪ್ಪಿನಿಂದ ಹಿಂದಕ್ಕೆ ಬರುವುದು, ಪ್ರತ್ಯಾಖ್ಯಾನ ಎಂದರೆ ಮುಂದೆ ಆಗಬಹುದಾದ್ದನ್ನು ಈಗಲೇ ಬಿಡುವುದು. ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ದಿಗಂಬರ ಮುನಿಗಳ ಆಚಾರಗ್ರಂಥವಾದ ಮೂಲಾಚಾರ ಉಸಿರಿನಿಂದಲೇ ಅಳೆಯುತ್ತದೆ. ಹಗಲಿನ ಪ್ರತಿಕ್ರಮಣಕ್ಕೆ 108 ಉಸಿರು, ರಾತ್ರಿಯದಕ್ಕೆ 54. ಹದಿನೈದು ದಿನಕ್ಕೊಮ್ಮೆಯಾದರೆ 300, ನಾಲ್ಕು ತಿಂಗಳಿಗೊಮ್ಮೆಯಾದರೆ 400, ವರ್ಷಕ್ಕೊಮ್ಮೆಯಾದರೆ 500. ಗಡಿಯಾರ ಇಲ್ಲದ ಕಾಲದ ಅಳತೆ ಎಂದು ಸುಮ್ಮನಾಗಬಹುದು. ಆದರೆ ಉಸಿರು ಎಣಿಸುವವನ ಮನಸ್ಸು ಸಂತೆಗೆ ಹೋದರೆ ಲೆಕ್ಕ ತಪ್ಪುತ್ತದೆ. ಹೋದದ್ದು ಅವನಿಗೇ ಗೊತ್ತಾಗುತ್ತದೆ.

ಮನೆ ಮಠ ಇರುವವರ ಪಾಡೇನು? ಅವರಿಗೂ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ದಾರಿ ಹೇಳುತ್ತದೆ, ಅದೂ ಬಹಳ ವ್ಯಾವಹಾರಿಕವಾಗಿ. ದೇಶಾವಕಾಶಿಕ ಎಂಬ ವ್ರತದಲ್ಲಿ ಗೃಹಸ್ಥ ತನಗೆ ತಾನೇ ಗಡಿ ಹಾಕಿಕೊಳ್ಳುತ್ತಾನೆ. ಈ ಮನೆ, ಈ ಊರು, ಈ ಹೊಲ ಅಥವಾ ಈ ಹೊಳೆ ದಾಟುವುದಿಲ್ಲ ಎಂದು. ಒಂದು ಪಕ್ಷವೋ, ಒಂದು ತಿಂಗಳೋ, ನಾಲ್ಕು ತಿಂಗಳೋ ಎಂಬ ಅವಧಿಯನ್ನೂ ಅವನೇ ಗೊತ್ತುಮಾಡಿಕೊಳ್ಳಬೇಕು. ಅನರ್ಥದಂಡ ವಿರತಿ ಎಂಬ ಇನ್ನೊಂದು ವ್ರತ ಪ್ರಯೋಜನವಿಲ್ಲದ ಕೆಲಸಗಳನ್ನು ಬಿಡುವುದಕ್ಕೆ. ಮನಸ್ಸು ಕೆಡಿಸುವ ಕಥೆ ಕೇಳುವುದು, ಪರರಿಗೆ ಕೇಡಾಗಲೆಂದು ಕುಳಿತಲ್ಲೇ ಚಿಂತಿಸುವುದು, ಸುಮ್ಮನೆ ನೀರು ಚೆಲ್ಲುವುದು, ಗಿಡ ಕೀಳುವುದು ಈ ಪಟ್ಟಿಯಲ್ಲಿವೆ. ಬಾಯಿಬಡುಕತನವೂ ಈ ವ್ರತಕ್ಕೆ ಒಂದು ದೋಷ. ಜಗಲಿ ಹರಟೆಯ ಊರುಗಳಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ ವ್ರತವಾಗಿದ್ದಿರಬೇಕು!

ಸಾಮಾಯಿಕಕ್ಕೆ ಈಗ ಸಾಮಾನ್ಯವಾಗಿ ಒಂದು ಮುಹೂರ್ತ, ಅಂದರೆ 48 ನಿಮಿಷ ಎಂಬ ಲೆಕ್ಕವಿದೆ. ಸಮಂತಭದ್ರರ ಗುರುತು ಇದಕ್ಕಿಂತ ಸರಳ: ಕೂದಲಿಗೆ ಅಥವಾ ಬಟ್ಟೆಗೆ ಒಂದು ಗಂಟು. ಗಂಟು ಬಿಚ್ಚುವವರೆಗೆ ವ್ಯಾಪಾರ, ಜಗಳ, ಮನೆಯ ಚಿಂತೆ ಯಾವುದೂ ಒಳಗೆ ಬರುವಂತಿಲ್ಲ. ಗಂಟು ಬಿಚ್ಚಿದ ಮೇಲೆ ಅಂಗಡಿಗೆ ಹೋಗಬಹುದು. ಗೃಹಸ್ಥನಿಗೆ ಈ ವ್ರತಗಳು ಸಾಧ್ಯವಾದದ್ದು ಅವಕ್ಕೆ ಕೊನೆ ಇದ್ದುದರಿಂದಲೇ.

ಕೊನೆ ಇಲ್ಲದ ವ್ರತದ ಗುರುತುಗಳು ಎದುರಿನ ಚಿಕ್ಕಬೆಟ್ಟದಲ್ಲಿವೆ. ಆಹಾರವನ್ನೂ ಕ್ರಮವಾಗಿ ಬಿಟ್ಟು ಸಲ್ಲೇಖನದಿಂದ ಮುಡಿಪಿದವರ ಶಾಸನಗಳು ಅಲ್ಲಿನ ಬಂಡೆ, ಕಂಬಗಳ ಮೇಲೆ ಕ್ರಿ.ಶ. 600ರ ಸುಮಾರಿನಿಂದ ಸಿಗುತ್ತವೆ. ಕೂಗೆ ಬ್ರಹ್ಮದೇವರ ಕಂಬದ ಶಾಸನ ಗಂಗರ ದೊರೆ ಮಾರಸಿಂಹನದು. ಯುದ್ಧಗಳ ಮೇಲೆ ಯುದ್ಧ ಗೆದ್ದ ಆತ ರಾಜ್ಯ ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ 974ರ ಸುಮಾರಿಗೆ ವ್ರತದಿಂದ ಮಡಿದ. ರಾಷ್ಟ್ರಕೂಟರ ನಾಲ್ಕನೆಯ ಇಂದ್ರ 982ರಲ್ಲಿ ಬೆಳಗೊಳದಲ್ಲಿಯೇ ತೀರಿಕೊಂಡ. ಇದನ್ನು ಇಂದಿನ ಕಾನೂನು ಹೇಗೆ ನೋಡಬೇಕೆಂಬುದು ಬೇರೆಯೇ ವಾದ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಗೆ ಸಮವೆಂದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಆಚಾರಗ್ರಂಥಗಳ ಮಟ್ಟಿಗೆ ಹೇಳುವುದಾದರೆ ಗೃಹಸ್ಥನ ದಿನನಿತ್ಯದ ವ್ರತಗಳ ಸಾಲಿಗೆ ಇದು ಸೇರುವುದಿಲ್ಲ. ಮುಪ್ಪು, ಕ್ಷಾಮ, ವಾಸಿಯಾಗದ ರೋಗದಂಥ ಪ್ರತೀಕಾರವಿಲ್ಲದ ಸಂದರ್ಭಕ್ಕೆ ಮಾತ್ರ ಇದನ್ನು ಹೇಳಿದ್ದಾರೆ ಸಮಂತಭದ್ರರು.

ಬಾಹುಬಲಿಯ ಮುಳ್ಳು ಕಳಚಿದ್ದು ಭರತ ತಾನೇ ಬಂದು ಪೂಜಿಸಿದಾಗ ಎನ್ನುತ್ತದೆ ಆದಿಪುರಾಣ. ವರ್ಷಪೂರ್ತಿ ಒಂಟಿಯಾಗಿ ನಿಂತು ಆಗದ್ದು ಅಣ್ಣನ ಮುಖ ಕಂಡ ಮೇಲೆ ಆಯಿತು. ಭರತನದೆಂದು ಹೇಳುವ ವಿಗ್ರಹವೊಂದು ಚಿಕ್ಕಬೆಟ್ಟದ ಮೇಲಿದೆ. ಅದು ಪೂರ್ತಿಯಾಗಿಲ್ಲ, ಮೊಣಕಾಲಿನವರೆಗೆ ಮಾತ್ರ ಕಡೆದಿದ್ದಾರೆ. ದೊಡ್ಡಬೆಟ್ಟದ ಗೊಮ್ಮಟ ಉತ್ತರಕ್ಕೆ ಮುಖ ಮಾಡಿದ್ದಾನೆ. ಚಿಕ್ಕಬೆಟ್ಟ ಇರುವುದು ಆ ಕಡೆಯೇ.