14-3-3 ಪ್ರೋಟೀನುಗಳು: ಕೋಶ ವಿಭಜನೆಯಲ್ಲೂ ವೈರಸ್-ನಿರೋಧಕ ಸಂಕೇತದಲ್ಲೂ ಅವುಗಳ ಪಾತ್ರ ಕುರಿತ ಒಂದು ಟಿಪ್ಪಣಿ

1. ವ್ಯಾಪ್ತಿ

ಅಡಾಪ್ಟರ್ ಪ್ರೋಟೀನುಗಳಿಗೆ ಸಾಮಾನ್ಯವಾಗಿ ಸ್ವಂತ ಕಿಣ್ವಶಕ್ತಿ ಇರುವುದಿಲ್ಲ. ಅವು ಬೇರೆ ಪ್ರೋಟೀನುಗಳನ್ನು ಹಿಡಿದು, ಒಂದಕ್ಕೊಂದು ಕೂಡಿಸಿ ಅಥವಾ ಒಂದರಿಂದೊಂದನ್ನು ದೂರವಿಟ್ಟು ಸಂಕೇತದ ದಾರಿಯನ್ನು ನಿರ್ಧರಿಸುತ್ತವೆ. ಈ ಟಿಪ್ಪಣಿ ಅಂಥ ಒಂದು ಕುಟುಂಬಕ್ಕೆ, ಅಂದರೆ 14-3-3 ಪ್ರೋಟೀನುಗಳಿಗೆ, ಸೀಮಿತವಾಗಿದೆ. ಈ ಕುಟುಂಬವು ಕೋಶ ವಿಭಜನೆಯನ್ನೂ ವೈರಸ್ ವಿರುದ್ಧದ ಸಹಜ ರೋಗನಿರೋಧಕ ಸಂಕೇತವನ್ನೂ ನಿಯಂತ್ರಿಸುತ್ತದೆ ಎಂಬ ಹೇಳಿಕೆ ವಿಮರ್ಶಾ ಲೇಖನಗಳಲ್ಲಿ ಪದೇ ಪದೇ ಕಾಣುತ್ತದೆ. ಹೇಳಿಕೆ ತಪ್ಪಲ್ಲ. ಆದರೆ ಅದರ ಹಿಂದಿರುವ ಸಾಕ್ಷ್ಯಗಳು ಬೇರೆ ಬೇರೆ ಸಮರೂಪಗಳ ಮೇಲೆ, ಬೇರೆ ಬೇರೆ ಕೋಶಗಳಲ್ಲಿ, ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರವಾಗಿ ದೊರೆತವು. ಅವನ್ನು ಬಿಡಿಸಿಟ್ಟು, ಯಾವುದು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂದು ನೋಡುವುದಷ್ಟೇ ಇಲ್ಲಿಯ ಉದ್ದೇಶ.

2. ಹೆಸರು, ಎಣಿಕೆ, ರಚನೆ

2.1. ಈ ಪ್ರೋಟೀನನ್ನು ಮೂರ್ ಮತ್ತು ಪೆರೆಜ್ 1967ರಲ್ಲಿ ದನದ ಮಿದುಳಿನ ಅಂಗಾಂಶದಿಂದ ಬೇರ್ಪಡಿಸಿ ವರದಿ ಮಾಡಿದರು. ಹೆಸರಿನಲ್ಲಿರುವ ಅಂಕಿಗಳು ಸ್ತಂಭ ವರ್ಣರೇಖನದಲ್ಲಿ ದೊರೆತ ಭಾಗದ ಮತ್ತು ಪಿಷ್ಟ ಜೆಲ್‌ನಲ್ಲಿ ಅದು ಚಲಿಸಿದ ಸ್ಥಾನದ ಗುರುತುಗಳು. ಕಾರ್ಯಕ್ಕೂ ಈ ಅಂಕಿಗಳಿಗೂ ಸಂಬಂಧವಿಲ್ಲ.

2.2. ಸಸ್ತನಿಗಳಲ್ಲಿ ಏಳು ಸಮರೂಪಗಳಿವೆ: ಬೀಟಾ, ಗಾಮಾ, ಎಪ್ಸಿಲಾನ್, ಜೀಟಾ, ಈಟಾ, ಥೀಟಾ, ಸಿಗ್ಮಾ. ಹಳೆಯ ಪ್ರಬಂಧಗಳಲ್ಲಿ ಆಲ್ಫಾ ಮತ್ತು ಡೆಲ್ಟಾ ಎಂಬ ಇನ್ನೆರಡು ಹೆಸರುಗಳೂ ಬರುತ್ತವೆ. ಅವು ಪ್ರತ್ಯೇಕ ಜೀನುಗಳ ಉತ್ಪನ್ನಗಳಲ್ಲ, ಕ್ರಮವಾಗಿ ಬೀಟಾ ಮತ್ತು ಜೀಟಾಗಳ ಫಾಸ್ಫೇಟ್ ಸೇರಿದ ರೂಪಗಳು ಎಂದು 1995ರ ವೇಳೆಗೆ ಸ್ಪಷ್ಟವಾಯಿತು. ಥೀಟಾ ಸಮರೂಪವನ್ನೇ ಕೆಲವು ಗುಂಪುಗಳು ಟೌ ಎಂದು ಬರೆಯುತ್ತವೆ. ಹಾಗಾಗಿ 1995ಕ್ಕೆ ಹಿಂದಿನ ಪ್ರಬಂಧದಲ್ಲಿ ಒಂಬತ್ತು ಎಂಬ ಎಣಿಕೆ ಕಂಡರೆ ಅದನ್ನು ಇಂದಿನ ಏಳಕ್ಕೆ ಹೊಂದಿಸಿ ಓದಬೇಕು.

2.3. 1995ರಲ್ಲಿ ಪ್ರಕಟವಾದ ಎರಡು ಸ್ಫಟಿಕ ರಚನೆಗಳ ಪ್ರಕಾರ ಪ್ರತಿ ಘಟಕದಲ್ಲಿ ಒಂಬತ್ತು ಆಲ್ಫಾ ಸುರುಳಿಗಳಿವೆ. ಎರಡು ಘಟಕಗಳು ಕೂಡಿ ಜೋಡಿಯಾಗುತ್ತವೆ; ಪ್ರತಿ ಘಟಕದಲ್ಲಿ ಒಂದು ಹಿಡಿತದ ತೋಡು ಇರುತ್ತದೆ. ಜೀಟಾ ಸಮರೂಪದಲ್ಲಿ ಲೈಸಿನ್-49, ಅರ್ಜಿನಿನ್-56 ಮತ್ತು ಅರ್ಜಿನಿನ್-127 ಈ ತೋಡಿನಲ್ಲಿ ಫಾಸ್ಫೇಟನ್ನು ಹಿಡಿಯುವ ಧನಾವೇಶದ ನೆಲೆಯನ್ನು ಒದಗಿಸುತ್ತವೆ.

2.4. ಹಿಡಿತಕ್ಕೆ ಬೇಕಾದ ಅನುಕ್ರಮವನ್ನು 1996 ಮತ್ತು 1997ರ ಅಧ್ಯಯನಗಳು ಗೊತ್ತುಪಡಿಸಿದವು. ಮೊದಲ ಮಾದರಿಯಲ್ಲಿ ಫಾಸ್ಫೇಟ್ ಸೇರಿದ ಸೀರಿನ್‌ಗೆ ಮೂರು ಸ್ಥಾನ ಹಿಂದೆ ಅರ್ಜಿನಿನ್, ಎರಡು ಸ್ಥಾನ ಮುಂದೆ ಪ್ರೋಲಿನ್ ಇರುತ್ತದೆ. ಎರಡನೆಯ ಮಾದರಿಯಲ್ಲಿ ಅರ್ಜಿನಿನ್ ನಾಲ್ಕು ಸ್ಥಾನ ಹಿಂದಿರುತ್ತದೆ. ಈ ಲೆಕ್ಕ ಮುಂದೆ 6ನೇ ವಿಭಾಗದಲ್ಲಿ ಬೇಕಾಗುತ್ತದೆ.

3. ಕೋಶ ವಿಭಜನೆ: ಸಿಡಿಸಿ25ಸಿ

3.1. ಕೋಶವು ವಿಭಜನೆಯ ಹಂತಕ್ಕೆ ಪ್ರವೇಶಿಸಲು ಸಿಡಿಕೆ1 ಕಿಣ್ವ ಸಕ್ರಿಯವಾಗಬೇಕು. ಅದರ ಮೇಲಿರುವ ತಡೆಯ ಫಾಸ್ಫೇಟುಗಳನ್ನು ಸಿಡಿಸಿ25 ಕುಟುಂಬದ ಕಿಣ್ವಗಳು ತೆಗೆಯುತ್ತವೆ. ಮಾನವ ಸಿಡಿಸಿ25ಸಿಯ ಸೀರಿನ್-216ಕ್ಕೆ ಫಾಸ್ಫೇಟ್ ಸೇರಿದಾಗ 14-3-3 ಅದನ್ನು ಹಿಡಿಯುತ್ತದೆ ಎಂದು 1997ರಲ್ಲಿ ವರದಿಯಾಯಿತು. ಡಿಎನ್‌ಎ ಹಾನಿಯಾದಾಗ ಸಿಎಚ್‌ಕೆ1 ಕಿಣ್ವ ಈ ಸ್ಥಾನಕ್ಕೆ ಫಾಸ್ಫೇಟ್ ಸೇರಿಸಬಲ್ಲದು ಎಂಬುದು ಅದೇ ವರ್ಷದ ಫಲಿತಾಂಶ.

3.2. ಸ್ಥಾನದ ಸುತ್ತಲಿನ ಅನುಕ್ರಮವನ್ನು ಹತ್ತಿರದಿಂದ ನೋಡಬಹುದು. 213ರಲ್ಲಿ ಅರ್ಜಿನಿನ್, 214ರಲ್ಲಿ ಸೀರಿನ್, 215ರಲ್ಲಿ ಪ್ರೋಲಿನ್, 216ರಲ್ಲಿ ಸೀರಿನ್, 217ರಲ್ಲಿ ಮೆಥಿಯೊನಿನ್, 218ರಲ್ಲಿ ಪ್ರೋಲಿನ್. ಇದು ಮೊದಲ ಮಾದರಿಗೆ ಚಾಚೂ ತಪ್ಪದೆ ಹೊಂದುತ್ತದೆ. ವಿಭಜನೆಯ ಸಮಯದಲ್ಲಿ 214ನೇ ಸೀರಿನ್‌ಗೆ ಫಾಸ್ಫೇಟ್ ಸೇರುತ್ತದೆ, ಅದರಿಂದ 216ಕ್ಕೆ ಮತ್ತೆ ಫಾಸ್ಫೇಟ್ ಸೇರುವುದು ತಪ್ಪುತ್ತದೆ ಎಂದು 2003ರಲ್ಲಿ ತೋರಿಸಲಾಯಿತು. ಎರಡೇ ಸ್ಥಾನಗಳ ಅಂತರದಲ್ಲಿರುವ ಎರಡು ಸೀರಿನ್‌ಗಳು ಪರಸ್ಪರ ವಿರುದ್ಧ ಸೂಚನೆ ಕೊಡುತ್ತವೆ.

3.3. ಸ್ಥಾನಸಂಖ್ಯೆಯ ವಿಷಯದಲ್ಲಿ ಎಚ್ಚರ ಬೇಕು. ಮಾನವನ ಸೀರಿನ್-216ಕ್ಕೆ ಸಮನಾದದ್ದು ಜೆನೊಪಸ್ ಕಪ್ಪೆಯಲ್ಲಿ ಸೀರಿನ್-287. ಮಾನವ ಸಿಡಿಸಿ25ಬಿಯ 14-3-3 ನೆಲೆಯನ್ನು ಕೆಲವು ಪ್ರಬಂಧಗಳು ಸೀರಿನ್-309 ಎಂದೂ ಕೆಲವು ಸೀರಿನ್-323 ಎಂದೂ ಬರೆಯುತ್ತವೆ. ಇವು ಎರಡು ನೆಲೆಗಳಲ್ಲ. ಮೊದಲನೆಯದು ಬಿ1, ಎರಡನೆಯದು ಬಿ3 ಸ್ಪ್ಲೈಸ್ ರೂಪದ ಎಣಿಕೆ.

3.4. ಈ ಹಿಡಿತದ ಜೈವಿಕ ತೂಕವನ್ನು ಅಳೆಯುವಾಗ ಇನ್ನೊಂದು ಸಂಗತಿಯನ್ನು ಪಕ್ಕದಲ್ಲಿಡಬೇಕು. ಸಿಡಿಸಿ25ಸಿ ಜೀನ್ ಇಲ್ಲದ ಇಲಿಗಳು ಬದುಕುತ್ತವೆ ಎಂದು 2001ರಲ್ಲಿ ವರದಿಯಾಯಿತು. ಸಿಡಿಸಿ25ಬಿ ಮತ್ತು ಸಿ ಎರಡೂ ಇಲ್ಲದ ಇಲಿಗಳೂ ಬದುಕುತ್ತವೆ ಎಂದು 2005ರಲ್ಲಿ. ಆದ್ದರಿಂದ 216ರ ಹಿಡಿತ ನಿಜವಾದರೂ ಅದನ್ನೇ ವಿಭಜನೆಯ ಏಕೈಕ ಬೀಗ ಎನ್ನುವುದು ಸಾಕ್ಷ್ಯ ಮೀರಿದ ಮಾತಾಗುತ್ತದೆ.

4. ಸಿಗ್ಮಾ ಸಮರೂಪ: ಬೇರೆ ದಾರಿ

4.1. ಸಿಗ್ಮಾ ಸಮರೂಪದ ಪ್ರಮಾಣವನ್ನು ಪಿ53 ಹೆಚ್ಚಿಸುತ್ತದೆ ಎಂದು 1997ರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಕಂಡುಬಂತು. ಸಿಗ್ಮಾ ಇಲ್ಲದ ಎಚ್‌ಸಿಟಿ116 ಕೋಶಗಳು ಡಿಎನ್‌ಎ ಹಾನಿಯ ನಂತರ ತಡೆಯಲ್ಲಿ ಉಳಿಯಲಾರದೆ ವಿಭಜನೆಗೆ ಹೊರಟು ಸಾಯುತ್ತವೆ ಎಂಬುದು 1999ರ ವರದಿ. ಅಲ್ಲಿ ಸೂಚಿಸಿದ ಕಾರ್ಯವಿಧಾನದಂತೆ ಸಿಗ್ಮಾ ಹಿಡಿದು ಕೋಶದ್ರವದಲ್ಲಿ ಉಳಿಸಿಕೊಳ್ಳುವುದು ಸಿಡಿಕೆ1 ಮತ್ತು ಸೈಕ್ಲಿನ್ ಬಿ1 ಜೋಡಿಯನ್ನು, ಸಿಡಿಸಿ25ಸಿಯನ್ನಲ್ಲ.

4.2. ಈ ವ್ಯತ್ಯಾಸಕ್ಕೆ 2005ರ ರಚನಾ ಅಧ್ಯಯನ ಆಧಾರ ಒದಗಿಸಿತು. ಸಿಗ್ಮಾಕ್ಕೆ ಮಾತ್ರ ವಿಶಿಷ್ಟವಾದ ಮೂರು ಅಮೈನೋ ಆಮ್ಲಗಳು (202ರ ಮೆಥಿಯೊನಿನ್, 204ರ ಆಸ್ಪಾರ್ಟೇಟ್, 206ರ ಹಿಸ್ಟಿಡಿನ್) ಹಿಡಿತದ ಆಯ್ಕೆಯನ್ನು ಬದಲಿಸುತ್ತವೆ. ಅವನ್ನು ಇತರ ಸಮರೂಪಗಳಂತೆ ಮಾರ್ಪಡಿಸಿದಾಗ ಸಿಗ್ಮಾ ಸಿಡಿಸಿ25ಸಿಯನ್ನು ಹಿಡಿಯತೊಡಗಿತು. 3 ಮತ್ತು 4ನೇ ವಿಭಾಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಪಿ53 ಸಿಗ್ಮಾವನ್ನು ಹೆಚ್ಚಿಸಿ ಸಿಡಿಸಿ25ಸಿಯನ್ನು ತಡೆಯುತ್ತದೆ ಎಂದು ಬರೆಯುವ ರೂಢಿ ಇದರಿಂದ ದುರ್ಬಲವಾಗುತ್ತದೆ.

5. ವೈರಸ್-ನಿರೋಧಕ ಸಂಕೇತ: ರಿಗ್-ಐ

5.1. ರಿಗ್-ಐ ಕೋಶದ್ರವದಲ್ಲಿ ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸುವ ಪ್ರೋಟೀನ್. ಈ ಪಾತ್ರ 2004ರಲ್ಲಿ ಪ್ರಕಟವಾಯಿತು. ಮುಂದಿನ ಕೊಂಡಿಯಾದ ಮ್ಯಾವ್ಸ್ ಮೈಟೋಕಾಂಡ್ರಿಯಾದ ಹೊರಪೊರೆಯ ಮೇಲಿದೆ. 2005ರಲ್ಲಿ ನಾಲ್ಕು ಗುಂಪುಗಳು ಇದನ್ನು ಸ್ವತಂತ್ರವಾಗಿ ಕಂಡುಹಿಡಿದು ಮ್ಯಾವ್ಸ್, ಐಪಿಎಸ್-1, ವಿಸಾ, ಕಾರ್ಡಿಫ್ ಎಂಬ ನಾಲ್ಕು ಹೆಸರುಗಳನ್ನಿಟ್ಟವು. ಆ ಅವಧಿಯ ಪ್ರಬಂಧಗಳನ್ನು ಹುಡುಕುವಾಗ ನಾಲ್ಕನ್ನೂ ಬಳಸಬೇಕು.

5.2. ಕೋಶದ್ರವದಲ್ಲಿರುವ ರಿಗ್-ಐ ಪೊರೆಯ ಬಳಿಗೆ ಹೋಗುವುದು ಹೇಗೆ? 2012ರ ವರದಿಯ ಪ್ರಕಾರ 14-3-3 ಎಪ್ಸಿಲಾನ್, ರಿಗ್-ಐ ಮತ್ತು ಟ್ರಿಮ್25 ಕೂಡಿದ ಸಂಕೀರ್ಣವು ಈ ಸ್ಥಳಾಂತರವನ್ನು ನಡೆಸುತ್ತದೆ. ರಿಗ್-ಐಗೆ ಹತ್ತಿರದ ಎಂಡಿಎ5ಕ್ಕೆ ಈಟಾ ಸಮರೂಪ ನೆರವಾಗುತ್ತದೆ ಎಂದು 2019ರಲ್ಲಿ ಪ್ರಕಟವಾಯಿತು.

5.3. ಇಲ್ಲಿ ಒಂದು ಅಸಂಗತಿ ಎದ್ದುಕಾಣುತ್ತದೆ. 14-3-3ರ ಪ್ರಮಾಣಿತ ಹಿಡಿತಕ್ಕೆ ಫಾಸ್ಫೇಟ್ ಬೇಕು. ಆದರೆ ರಿಗ್-ಐ ಸಕ್ರಿಯವಾಗುವುದು ಅದರ ಸೀರಿನ್-8 ಮತ್ತು ಥ್ರಿಯೊನಿನ್-170ರ ಫಾಸ್ಫೇಟುಗಳು ಕಳಚಿದಾಗ. ಆದ್ದರಿಂದ ಈ ಎರಡು ಸ್ಥಾನಗಳನ್ನೇ ಎಪ್ಸಿಲಾನ್‌ನ ಹಿಡಿತದ ನೆಲೆಯೆಂದು ಊಹಿಸುವುದು ಕಷ್ಟ. ರಿಗ್-ಐಯ ಸಂದರ್ಭವನ್ನು ಸಿಡಿಸಿ25ಸಿಯ ಪಡಿಯಚ್ಚು ಎಂದು ಪರಿಗಣಿಸುವ ಮೊದಲು ಈ ಭೇದವನ್ನು ಬಗೆಹರಿಸಬೇಕಾಗುತ್ತದೆ.

5.4. ಎರಡನೆಯ ತೊಡಕು ಜೋಡಿಗಳದ್ದು. ಎಪ್ಸಿಲಾನ್ ಹೆಚ್ಚಾಗಿ ಇತರ ಸಮರೂಪಗಳೊಂದಿಗೆ ಮಿಶ್ರಜೋಡಿಯಾಗುತ್ತದೆ; ಸಿಗ್ಮಾ ಬಹುಮಟ್ಟಿಗೆ ತನ್ನೊಂದಿಗೇ ಜೋಡಿಯಾಗುತ್ತದೆ. ಪ್ರತಿಕಾಯದಿಂದ ಎಪ್ಸಿಲಾನನ್ನು ಸೆಳೆದು ತೆಗೆದಾಗ ಅದರ ಜೊತೆಗಾರ ಸಮರೂಪವೂ ಬರಬಹುದು. ಹಾಗಾಗಿ ಎಪ್ಸಿಲಾನ್ ಇಲ್ಲವಾಗಿಸಿದ ಪ್ರಯೋಗದ ಫಲಿತಾಂಶಕ್ಕೆ ಇರುವ ಬೆಲೆ ಕೇವಲ ಸೆಳೆತದ ಪ್ರಯೋಗಕ್ಕೆ ಇಲ್ಲ.

6. ಡೆಂಗಿ ವೈರಸ್ಸಿನ ಎನ್‌ಎಸ್3

6.1. ಹಿಡಿತದ ತೋಡಿನ ಮಹತ್ವಕ್ಕೆ ಪರೋಕ್ಷವಾದರೂ ಬಲವಾದ ಸಾಕ್ಷ್ಯ ವೈರಸ್ಸಿನ ಕಡೆಯಿಂದಲೇ ಬಂದಿದೆ. ಡೆಂಗಿ ವೈರಸ್ಸಿನ ಎನ್‌ಎಸ್3 ಪ್ರೋಟೀನ್ 14-3-3 ಎಪ್ಸಿಲಾನನ್ನು ಹಿಡಿದು ರಿಗ್-ಐ ಮ್ಯಾವ್ಸ್‌ನತ್ತ ಹೋಗುವುದನ್ನು ತಡೆಯುತ್ತದೆ ಎಂದು ಚಾನ್ ಮತ್ತು ಗಾಕ್ 2016ರಲ್ಲಿ ವರದಿ ಮಾಡಿದರು.

6.2. ಹಿಡಿತದ ನೆಲೆ 64ರಿಂದ 67ರವರೆಗಿನ ನಾಲ್ಕು ಅಮೈನೋ ಆಮ್ಲಗಳು: ಅರ್ಜಿನಿನ್, ಐಸೊಲ್ಯೂಸಿನ್, ಗ್ಲುಟಮೇಟ್, ಪ್ರೋಲಿನ್. ಗ್ಲುಟಮೇಟಿನ ಋಣಾವೇಶವು ಫಾಸ್ಫೇಟಿನ ಸ್ಥಾನ ತುಂಬುತ್ತದೆ ಎಂಬುದು ಆ ವರದಿಯ ವ್ಯಾಖ್ಯಾನ. 2.4ರ ಲೆಕ್ಕಕ್ಕೆ ಹೋಲಿಸಿದರೆ ಇಲ್ಲಿ ಅರ್ಜಿನಿನ್ ಮೂರರ ಬದಲು ಎರಡು ಸ್ಥಾನ ಹಿಂದೆ, ಪ್ರೋಲಿನ್ ಎರಡರ ಬದಲು ಒಂದು ಸ್ಥಾನ ಮುಂದೆ ಇದೆ. ಅಂದರೆ ಇದು ಮೊದಲ ಮಾದರಿಯ ಅನುಕರಣೆಯೇ ಹೊರತು ಅದರ ನಕಲಲ್ಲ.

6.3. ಈ ನಾಲ್ಕು ಸ್ಥಾನಗಳು ಎನ್‌ಎಸ್3ರ ಪ್ರೋಟಿಯೇಸ್ ಭಾಗದಲ್ಲಿ, ವೇಗವರ್ಧಕ ತ್ರಯದ ಹಿಸ್ಟಿಡಿನ್-51 ಮತ್ತು ಆಸ್ಪಾರ್ಟೇಟ್-75ರ ನಡುವೆ ಬೀಳುತ್ತವೆ. ಆದ್ದರಿಂದ ಇಲ್ಲಿ ಮಾಡಿದ ಯಾವುದೇ ಬದಲಾವಣೆ ಕತ್ತರಿಸುವ ಶಕ್ತಿಯನ್ನೂ ಬಾಧಿಸಬಹುದೆಂಬ ಸಂದೇಹ ನ್ಯಾಯವಾದದ್ದು. ಎನ್‌ಎಸ್3ರ ಈ ತಡೆ ಪ್ರೋಟೀನ್ ಕತ್ತರಿಸುವ ಕ್ರಿಯೆಯನ್ನು ಅವಲಂಬಿಸಿಲ್ಲ ಎಂದು ವರದಿ ಹೇಳುತ್ತದೆ. ಅರ್ಜಿನಿನ್ ಮತ್ತು ಗ್ಲುಟಮೇಟ್ ಎರಡನ್ನೂ ಲೈಸಿನ್‌ಗೆ ಬದಲಿಸಿದ ವೈರಸ್ ಎಪ್ಸಿಲಾನನ್ನು ಹಿಡಿಯಲಾರದೆ ಹೆಚ್ಚಿನ ಇಂಟರ್ಫೆರಾನ್ ಪ್ರತಿಕ್ರಿಯೆಯನ್ನು ಉಂಟುಮಾಡಿತು.

6.4. ಜೀಕಾ ವೈರಸ್ಸಿನಲ್ಲಿ ಇದೇ ನೆಲೆಯಲ್ಲಿ ಅರ್ಜಿನಿನ್, ಲ್ಯೂಸಿನ್, ಆಸ್ಪಾರ್ಟೇಟ್, ಪ್ರೋಲಿನ್ ಇವೆ. 2019ರ ಅಧ್ಯಯನದಂತೆ ಅದು ಎಪ್ಸಿಲಾನ್ ಮತ್ತು ಈಟಾ ಎರಡನ್ನೂ ಹಿಡಿದು ರಿಗ್-ಐ ಮತ್ತು ಎಂಡಿಎ5 ಎರಡು ದಾರಿಗಳನ್ನೂ ಕುಂದಿಸುತ್ತದೆ.

6.5. ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ಸಹಜ ಪ್ರಶ್ನೆ ಏಳುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಸ್ಸೂ ಡೆಂಗಿ, ಜೀಕಾಗಳಂತೆ ಆರ್ಥೋಫ್ಲೇವಿವೈರಸ್ (ಹಿಂದಿನ ಹೆಸರು ಫ್ಲೇವಿವೈರಸ್) ಕುಲಕ್ಕೆ ಸೇರಿದೆ. ಆದರೆ ಅದು ಉಣ್ಣೆಗಳಿಂದ ಹರಡುವ ಗುಂಪಿನದು. ಡೆಂಗಿ, ಜೀಕಾ ಸೊಳ್ಳೆಗಳಿಂದ ಹರಡುವ ಗುಂಪಿನವು. ಮೇಲಿನ ಫಲಿತಾಂಶಗಳನ್ನು ಕುಲಸಂಬಂಧದ ಆಧಾರದ ಮೇಲಷ್ಟೇ ಅದಕ್ಕೆ ವಿಸ್ತರಿಸಲಾಗದು. ಅನುಕ್ರಮದ ಹೋಲಿಕೆ ಮತ್ತು ಹಿಡಿತದ ಪ್ರಯೋಗ ಎರಡೂ ಬೇಕು.

7. ಎರಡೂ ಕ್ಷೇತ್ರ ಕೂಡುವ ಒಂದು ಪ್ರಕರಣ: ವಿಪಿಆರ್

ಎಚ್‌ಐವಿ-1ರ ವಿಪಿಆರ್ ಪ್ರೋಟೀನ್ ಕೋಶವನ್ನು ವಿಭಜನೆಗೆ ಮುಂಚಿನ ಜಿ2 ಹಂತದಲ್ಲಿ ನಿಲ್ಲಿಸುತ್ತದೆ. ವಿಪಿಆರ್ 14-3-3 ಮತ್ತು ಸಿಡಿಸಿ25ಸಿಗಳ ಕೂಡುವಿಕೆಯನ್ನು ಹೆಚ್ಚಿಸಿ ಇದನ್ನು ಸಾಧಿಸುತ್ತದೆ ಎಂದು 2005ರ ಒಂದು ವರದಿ ಸೂಚಿಸಿತು. 2007ರಲ್ಲಿ ಹಲವು ಗುಂಪುಗಳು ಡಿಸಿಎಎಫ್1 ಮತ್ತು ಅದಕ್ಕೆ ಸೇರಿದ ಯುಬಿಕ್ವಿಟಿನ್ ಲಿಗೇಸ್ ಇದಕ್ಕೆ ಅಗತ್ಯವೆಂದು ತೋರಿಸಿದವು. ಈಗ ಹೆಚ್ಚಿನ ಒಪ್ಪಿಗೆ ಇರುವುದು ಈ ದಾರಿಗೇ. ಎರಡು ವಿವರಣೆಗಳು ಪರಸ್ಪರ ಅಲ್ಲಗಳೆಯಲೇಬೇಕೆಂದಿಲ್ಲ, ಆದರೆ ಸಾಕ್ಷ್ಯದ ತೂಕ ಸಮನಾಗಿಲ್ಲ. ಅಲ್ಲದೆ ಇದು ವೈರಸ್ ವಿಭಜನೆಯನ್ನು ಬದಲಿಸಿದ ಉದಾಹರಣೆ. ರಿಗ್-ಐ ಸಂಕೇತದ ಉದಾಹರಣೆ ಅಲ್ಲ. ಎರಡು ಕ್ಷೇತ್ರಗಳ ಸೇತುವೆಯೆಂದು ಇದನ್ನು ಉಲ್ಲೇಖಿಸುವಾಗ ಈ ಗಡಿಯನ್ನು ಗಮನಿಸಬೇಕು.

8. ತೀರ್ಮಾನದ ಮಿತಿ

8.1. ಸಾಕಷ್ಟು ಭರವಸೆಯಿಂದ ಹೇಳಬಹುದಾದದ್ದು: 14-3-3 ಪ್ರೋಟೀನುಗಳು ಎರಡೂ ಕ್ಷೇತ್ರಗಳಲ್ಲಿ ತಮ್ಮ ಜೊತೆಗಾರ ಪ್ರೋಟೀನಿನ ನೆಲೆಯ ಮೇಲೆ ಪ್ರಭಾವ ಬೀರುತ್ತವೆ. ವಿಭಜನೆಯಲ್ಲಿ ಕೋಶದ್ರವದಲ್ಲಿ ತಡೆದಿಡುವುದು, ರಿಗ್-ಐಯಲ್ಲಿ ಪೊರೆಯತ್ತ ಸಾಗಿಸುವುದು.

8.2. ಸಂಭವವೆಂದು ಮಾತ್ರ ಹೇಳಬಹುದಾದದ್ದು: ಎರಡೂ ಕಡೆ ಬಳಕೆಯಾಗುವುದು ಒಂದೇ ತೋಡು. ಎನ್‌ಎಸ್3ರ ಸಾಕ್ಷ್ಯ ಇದಕ್ಕೆ ಪೂರಕ, 5.3ರ ಅಸಂಗತಿ ಇದಕ್ಕೆ ತೊಡಕು.

8.3. ಮೇಲಿನ ಪ್ರಬಂಧಗಳಿಂದ ಹೊರಡದ ತೀರ್ಮಾನ: ಒಂದೇ ಕೋಶದಲ್ಲಿ 14-3-3ರ ಒಂದು ಸಂಗ್ರಹಕ್ಕಾಗಿ ವಿಭಜನೆ ಮತ್ತು ವೈರಸ್-ನಿರೋಧಕ ಸಂಕೇತ ಪೈಪೋಟಿ ನಡೆಸುತ್ತವೆ ಎಂಬುದು. ಇದಕ್ಕೆ ಒಂದೇ ಕೋಶಸಮೂಹದಲ್ಲಿ, ವಿಭಜನೆಯ ಹಂತಗಳನ್ನು ಹೊಂದಿಸಿಟ್ಟು, ಎರಡೂ ಹಿಡಿತಗಳನ್ನು ಜೊತೆಯಾಗಿ ಅಳೆದ ಸಾಕ್ಷ್ಯ ಬೇಕು.

8.4. ಈ ವಿಷಯದಲ್ಲಿ ಬರೆಯುವವರಲ್ಲಿ ಒಂದು ವಿನಂತಿ. 14-3-3 ಎಂದಷ್ಟೇ ಬರೆದು ನಿಲ್ಲಿಸದೆ ಸಮರೂಪ, ಜೀವಿ, ಸ್ಪ್ಲೈಸ್ ರೂಪ ಮತ್ತು ಸ್ಥಾನಸಂಖ್ಯೆ ಈ ನಾಲ್ಕನ್ನೂ ನಮೂದಿಸಬೇಕು. ಮೇಲೆ ಕಂಡ ಗೊಂದಲಗಳಲ್ಲಿ ಹೆಚ್ಚಿನವು ಈ ನಾಲ್ಕರಲ್ಲಿ ಯಾವುದೋ ಒಂದನ್ನು ಬಿಟ್ಟದ್ದರಿಂದ ಹುಟ್ಟಿದವು.