ಹಸಿವು ಎಂಬ ಮಾತು, ಅಭಾವ ಎಂಬ ದಾಖಲೆ

‘ಹಂಗ್ರಿ’ ಎಂಬ ಇಂಗ್ಲಿಷ್ ಪದವನ್ನು ಇಂದು ಮೂಡಲಗಿಯ ಶಾಲೆಯ ಮಗುವೂ ಬಲ್ಲದು. ಹೊಟ್ಟೆಯ ಹಸಿವಿಗೂ ಅಧಿಕಾರದ ಹಪಾಹಪಿಗೂ ಇಂಗ್ಲಿಷಿನಲ್ಲಿ ಅದೇ ಪದ ಸಲ್ಲುತ್ತದೆ. ಗೋಕಾಕ, ಹುಕ್ಕೇರಿಯ ಮನೆಗಳಲ್ಲಿ ನಾವು ಕೇಳುವುದು ‘ಹೊಟ್ಟಿ ಹಸದೈತಿ’ ಎಂಬ ಮಾತು. ದಖನಿ ಆಡುವ ಮನೆಯಲ್ಲಿ ಅದು ‘ಭೂಕ್ ಲಗೀ’. ಅನ್ನವಿಲ್ಲದೆ ಸತ್ತರೂ ವ್ರತ ಹಿಡಿದರೂ ಕನ್ನಡದಲ್ಲಿ ‘ಉಪವಾಸ’ವೇ. ದಖನಿಯಲ್ಲಿ ಹಾಗಲ್ಲ, ರೋಜಾ ಇರುವವನು ಬೇರೆ, ಭೂಕಾ ಇರುವವನು ಬೇರೆ. ಮಾತು ಯಾವುದಾದರೂ ಇವೆಲ್ಲದರಲ್ಲೂ ಒಂದು ಹೊಟ್ಟೆ, ಒಬ್ಬ ಮನುಷ್ಯ ಇದ್ದೇ ಇರುತ್ತಾನೆ.

1791-92ರ ಕ್ಷಾಮಕ್ಕೆ ಈ ಭಾಗದ ಜನ ‘ಡೋಗಿ ಬರ’ ಎಂದು ಹೆಸರಿಟ್ಟರು. ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳ ಬರ ಅದು. ಆಡಳಿತದ ಇಂಗ್ಲಿಷಿಗೆ ಇಂಥ ಪದ ಬೇಕಿರಲಿಲ್ಲ. ಅದಕ್ಕೆ ‘ಸ್ಕೇರ್‌ಸಿಟಿ’, ಅಂದರೆ ಅಭಾವ, ಸಾಕಿತ್ತು. ಅಭಾವ ಯಾರಿಗೆ ಎಂದು ಆ ಪದ ಹೇಳುವುದಿಲ್ಲ.

1876-78ರ ಮಹಾ ಬರದಲ್ಲಿ ಇದರ ಬೆಲೆ ತಿಳಿಯಿತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು; ಮೂಡಲಗಿ ಆಗ ಗೋಕಾಕ ತಾಲ್ಲೂಕಿನದೇ ಊರಾಗಿತ್ತು. ಪರಿಹಾರ ಕಾಮಗಾರಿಯ ಕೂಲಿಯನ್ನು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಇಳಿಸಿದರು: ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಕಾಳು, ಮೇಲೆ ಒಂದು ಆಣೆ. ಕಲ್ಲು ಒಡೆಯುವ ಮೈಗೆ ಅಷ್ಟು ಸಾಕೇ? ಪ್ರಾಂತ್ಯದ ಸಾವಿರಾರು ಕೂಲಿಕಾರರು ಸಾಲದೆಂದು ಕೆಲಸ ಬಿಟ್ಟೇ ಹೊರಟರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಹಸಿದವರು ಕೂಲಿಯನ್ನೇ ತಿರಸ್ಕರಿಸಿದ ಆ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಎಲ್ಲಿದೆ?

ಆ ಬಳಿಕ ಕ್ಷಾಮ ಆಯೋಗ ಬಂತು, 1883ರಲ್ಲಿ ಕ್ಷಾಮ ಸಂಹಿತೆ ಬಂತು. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಗೋಕಾಕ ಕಾಲುವೆಗೆ ನೀರು ತಿರುಗಿಸಲಾಯಿತು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯಕ್ಕೆ ಮಾತ್ರ ಸ್ವಾತಂತ್ರ್ಯಾನಂತರದವರೆಗೆ ಕಾಯಬೇಕಾಯಿತು. ಜೋಳದ ಹೊಲಗಳಲ್ಲಿ ಕಬ್ಬು ಬಂದದ್ದು ಬೇರೆಯೇ ಕಥೆ.

1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಗಡಿಯಾಚೆಯ ಮಹಾರಾಷ್ಟ್ರ 1963ರಲ್ಲಿ ವಿಚಿತ್ರವಾದ ಕಾಯಿದೆಯೊಂದನ್ನು ಮಾಡಿತು. ತನ್ನ ಕಾನೂನುಗಳಲ್ಲಿದ್ದ ‘ಕ್ಷಾಮ’ ಎಂಬ ಪದವನ್ನೇ ತೆಗೆದು ಆ ಜಾಗದಲ್ಲಿ ‘ಅಭಾವ’ ಎಂದು ಬರೆಯಿತು. ಒಂಬತ್ತು ವರ್ಷ ಕಳೆಯುವಷ್ಟರಲ್ಲಿ, 1972ರಲ್ಲಿ, ಅಲ್ಲಿ ಭೀಕರ ಬರ ಬಿತ್ತು. ಲಕ್ಷಾಂತರ ಜನ ಮತ್ತೆ ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆದರು.