ಕೃಪೆಯೂ ಹೊಣೆಯೂ: ಶಿವಮೊಗ್ಗ–ಭದ್ರಾವತಿಯ ಕ್ರೈಸ್ತ ಸಭೆಗಳು

ರಕ್ಷಣೆ ದೇವರ ಕೃಪೆಯಿಂದಲೇ ಆಗುವುದಾದರೆ, ನಂಬದವನ ಅಪನಂಬಿಕೆಗೆ ಹೊಣೆ ಯಾರು? ಐದನೆಯ ಶತಮಾನದಲ್ಲಿ ಕ್ರೈಸ್ತ ಚಿಂತಕರಾದ ಅಗಸ್ಟೀನ್ ಮತ್ತು ಪೆಲಾಜಿಯಸ್ ಹೂಡಿದ ಈ ವಾದಕ್ಕೆ ಶಿವಮೊಗ್ಗದ ಸಭೆಗಳು ಕೊಟ್ಟುಕೊಂಡ ಉತ್ತರ ಅವು ಬಂದ ದಾರಿಯನ್ನು ಅವಲಂಬಿಸಿದೆ.

19ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಕೆಲಸ ನಡೆಸಿದ ವೆಸ್ಲಿಯನ್ ಮಿಷನ್ನಿನ ಮೂಲಪುರುಷ ಜಾನ್ ವೆಸ್ಲಿ. ಕೆಲವರನ್ನಷ್ಟೇ ದೇವರು ಮೊದಲೇ ಆರಿಸಿದ್ದಾನೆಂಬ ಕ್ಯಾಲ್ವಿನ್ ಪಂಥದ ಪೂರ್ವನಿರ್ಣಯವನ್ನು ಆತ 1739ರಲ್ಲೇ ಕಟುವಾಗಿ ಖಂಡಿಸಿದ್ದ. ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರೆಂಬ ಮಧ್ವರ ವಿಭಾಗವನ್ನು ಬಲ್ಲ ಕನ್ನಡಿಗರಿಗೆ ಈ ಜಗಳ ತೀರ ಹೊಸದಲ್ಲ. ವೆಸ್ಲಿಯ ಪ್ರಕಾರ ಕೃಪೆ ಎಲ್ಲರನ್ನೂ ಮೊದಲೇ ಮುಟ್ಟಿ ಎಚ್ಚರಿಸುತ್ತದೆ. ಒಪ್ಪುವುದು, ತಳ್ಳುವುದು ಮನುಷ್ಯನಿಗೆ ಬಿಟ್ಟದ್ದು. ಒಪ್ಪಿದವನೂ ಜಾರಬಲ್ಲ. ಹಾಗಾಗಿಯೇ ಮೆಥಡಿಸ್ಟರಲ್ಲಿ ಹತ್ತು–ಹನ್ನೆರಡು ಮಂದಿಯ ಗುಂಪು ವಾರಕ್ಕೊಮ್ಮೆ ಕೂಡಿ, ಮುಖಂಡನ ಮುಂದೆ ಒಬ್ಬೊಬ್ಬರೂ ತಮ್ಮ ಆತ್ಮದ ಸ್ಥಿತಿಯನ್ನು ಹೇಳಿಕೊಳ್ಳುವ ಪದ್ಧತಿ ಬೆಳೆಯಿತು. ದೇವರೊಡನೆ ಮಾಡಿದ ಒಡಂಬಡಿಕೆಯನ್ನು ನವೀಕರಿಸುವ ಆರಾಧನೆಯನ್ನು ವೆಸ್ಲಿ 1755ರಲ್ಲಿ ಆರಂಭಿಸಿದ. ಮುಂದೆ ಅದು ಹೊಸ ವರ್ಷದ ಆರಾಧನೆಯಾಗಿ ನೆಲೆಗೊಂಡಿತು.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ ಮೇಲೆ ತಮಿಳು, ಮಲಯಾಳ ಮಾತಾಡುವ ಕ್ರೈಸ್ತ ಕಾರ್ಮಿಕರೂ ಈ ಊರಿಗೆ ಬಂದರು. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ ಮೆಥಡಿಸ್ಟರ ಜೊತೆ ಆಂಗ್ಲಿಕನ್ನರೂ ಕ್ಯಾಲ್ವಿನ್ ಪರಂಪರೆಯ ಪ್ರೆಸ್ಬಿಟೇರಿಯನ್ನರೂ ಸೇರಿದರು. ಶತಮಾನಗಳ ಕಾಲ ಯುರೋಪಿನ ಸಭೆಗಳನ್ನು ಒಡೆದಿದ್ದ ಭೇದ ಇಲ್ಲಿ ಐಕ್ಯಕ್ಕೆ ಅಡ್ಡಿಯಾಗಲಿಲ್ಲ. ಇದು ಸಣ್ಣ ಸಾಧನೆಯಲ್ಲ.

ಕಥೋಲಿಕರ ನಿಲುವನ್ನು 1547ರಲ್ಲಿ ಟ್ರೆಂಟ್ ಮಹಾಸಭೆ ಸ್ಪಷ್ಟಪಡಿಸಿತ್ತು: ಮೊದಲ ಹೆಜ್ಜೆ ಕೃಪೆಯದು, ಸಹಕಾರ ಮನುಷ್ಯನದು. ಪಾಪನಿವೇದನೆಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಕದ್ದವನಿಗೆ ಕ್ಷಮೆ ಉಚಿತವಾಗಿ ಸಿಗುತ್ತದೆ. ಆದರೆ ಬಾಯಿಬಿಟ್ಟು ಹೇಳಬೇಕಾದವನು, ಕದ್ದ ಮಾಲನ್ನು ಒಡೆಯನಿಗೆ ಹಿಂದಿರುಗಿಸಬೇಕಾದವನು ಅವನೇ. ಈ ಕಥೋಲಿಕ ಸಭೆಯಲ್ಲಿ ಶಿವಮೊಗ್ಗ 1988ರಲ್ಲಿ ಪ್ರತ್ಯೇಕ ಧರ್ಮಕ್ಷೇತ್ರವಾಯಿತು. 2007ರಲ್ಲಿ ಸೀರೋ–ಮಲಬಾರ್ ಕಥೋಲಿಕ ಸಭೆಯ ಭದ್ರಾವತಿ ಧರ್ಮಕ್ಷೇತ್ರ ರಚನೆಯಾಯಿತು. ಕೇರಳದಿಂದ ಮಲೆನಾಡಿಗೆ ಬಂದು ನೆಲೆಸಿದ ಕುಟುಂಬಗಳು ಅದರ ಆಧಾರ. ಅವರದು ಪೂರ್ವ ಸಿರಿಯಾಕ್ ಆರಾಧನಾ ಪರಂಪರೆ.

ಅಪನಂಬಿಕೆಯ ಪ್ರಶ್ನೆ ಕ್ರೈಸ್ತರು ಅಲ್ಪಸಂಖ್ಯಾತರಾಗಿರುವ ಇಂಥ ಊರುಗಳಲ್ಲಿ ಹೆಚ್ಚು ಹತ್ತಿರದ್ದು. ಮನೆಯ ಎಡಬಲದವರೇ ಅನ್ಯಧರ್ಮೀಯರು. ತನ್ನ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವನು, ಅಂತಃಸಾಕ್ಷಿಯ ಮಾತಿನಂತೆ ಬಾಳಿ ದೇವರನ್ನು ಅರಸಿದರೆ, ರಕ್ಷಣೆ ಹೊಂದಬಲ್ಲನೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ಅರಿತೂ ನಿರಾಕರಿಸಿದವನ ಹೊಣೆಯನ್ನು ಮಾತ್ರ ಅದು ಸಡಿಲಿಸಲಿಲ್ಲ. ಕೃಪೆಯ ಕುರಿತ ಸಭೆಗಳ ಭೇದವೂ ಕಿರಿದಾಗಿದೆ: ಆ ಬಗ್ಗೆ ಕಥೋಲಿಕರೂ ಲೂಥರನ್ನರೂ 1999ರಲ್ಲಿ ಮಾಡಿಕೊಂಡ ಜಂಟಿ ಘೋಷಣೆಗೆ 2006ರಲ್ಲಿ ವಿಶ್ವ ಮೆಥಡಿಸ್ಟ್ ಪರಿಷತ್ತೂ ಸಮ್ಮತಿ ನೀಡಿತು.